ಆಯಮ್ಮ ಹಾಕಿದ ಆಣೆ

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿಬರುತ್ತೇನೆ' ಎನ್ನಬೇಕು. ತಮಿಳಿನಲ್ಲಿ ಹೇಳಿದರೂ ಅಷ್ಟೇ, ಕನ್ನಡದಲ್ಲಿ ಹೇಳಿದರೂ ಅಷ್ಟೇ. ಈ ಮಾತು ಆಡಬಾರದ ಜಾಗ ಎರಡೇ ಎರಡು. ಒಂದು ಸಾವಿನ ಮನೆ, ಇನ್ನೊಂದು ಆಸ್ಪತ್ರೆ. ಸಾವಿನ ಮನೆಯ ವಿಷಯ ನನಗೆ ಅಮ್ಮ ಹೇಳಿಕೊಟ್ಟಿದ್ದಳು. ಆಸ್ಪತ್ರೆಯದನ್ನು ಹೇಳಿಕೊಟ್ಟವಳು ನಮ್ಮ ವಾರ್ಡಿನ ಆಯಮ್ಮ.

ಆಕೆ ತೀರಿಕೊಂಡಳೆಂದು ಆಕೆಯ ತಂಗಿಯ ಮಗಳು ತಮಿಳಿನಲ್ಲಿ ಬರೆದ ಕಾರ್ಡು ಕೊಳ್ಳೇಗಾಲದ ನಮ್ಮ ಮನೆಗೆ ಬಂದಾಗ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನು ಮೊದಲು ನಕ್ಕೆ. 'ಸಾರಿಗೆ ಉಪ್ಪು ಕಮ್ಮಿ ಎಂದು ನನ್ನನ್ನು ಚೆನ್ನಾಗಿ ಬೈದು ಮಲಗಿದರು, ಬೆಳಿಗ್ಗೆ ಏಳಲಿಲ್ಲ' ಎಂದು ಬರೆದಿತ್ತು. ಆ ಬೈಗುಳ ಹೇಗಿದ್ದಿರಬಹುದು ಎಂಬುದು ನನಗೆ ಕಿವಿಯಲ್ಲೇ ಕೇಳಿಸಿತು. ನಗು ಮುಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಅತ್ತೆ.

ಅರವತ್ತರ ದಶಕದ ಕೊನೆಯಲ್ಲಿ ನಾನು ಸೇಲಂ ಪೇಟೆಯ ಅಂಚಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದೆ. ನೇಯ್ಗೆಯವರ ಮನೆಯ ಹುಡುಗಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಟ್ರೈನಿಂಗಿನಲ್ಲಿ ಕಲಿತ ಅರ್ಧಂಬರ್ಧ ಇಂಗ್ಲಿಷು. ಕನ್ನಡದ ಅಕ್ಷರ ಕಲಿತದ್ದು ಬಹಳ ತಡವಾಗಿ, ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ, ಮಗಳ ಒಂದನೇ ತರಗತಿಯ ಪುಸ್ತಕದಲ್ಲಿ. ಕೆಲಸದ ಮೊದಲ ದಿನ ವಾರ್ಡಿನ ಬಾಗಿಲಲ್ಲಿ ನಿಂತು ಯಾರನ್ನೋ ತಮಿಳಿನಲ್ಲಿ ದಾರಿ ಕೇಳಿದೆ. ಬಕೆಟ್ಟು ಹಿಡಿದು ಬರುತ್ತಿದ್ದ ಕುಳ್ಳಗಿನ ಹೆಂಗಸೊಬ್ಬಳು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಮ್ ಮಾತಿನೋಳಾ ನೀನು?”

ಹೌದೆಂದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ತಮಿಳ್ನ ಅಷ್ಟು ಉಷಾರಾಗಿ ಆಡ್ತಿದ್ದೆಯಲ್ಲ, ಅದ್ಕೇ ಗೊತ್ತಾಯ್ತು. ತಮಿಳ್ರು ಅಷ್ಟು ಉಷಾರಾಗಿ ಆಡಲ್ಲ ಕಣ್ಣು.”

ಅವಳೇ ಆಯಮ್ಮ. ಮುದ್ದು ಬಂದರೆ ಆಕೆ ತಮಿಳರಂತೆ 'ಕಣ್ಣು' ಎನ್ನುತ್ತಿದ್ದಳು, ಕೋಪ ಬಂದರೆ ಶುದ್ಧ ಕನ್ನಡದಲ್ಲಿ ಬೈಯುತ್ತಿದ್ದಳು. ತಮಿಳಿನಲ್ಲಿ ಬೈದರೆ ಬಾಯಿಗೆ ರುಚಿ ಹತ್ತುವುದಿಲ್ಲವಂತೆ. ಊರು ಕೊಳತ್ತೂರಿನ ಪಕ್ಕ. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಮುಂಗೈ ತುಂಬ ಹಚ್ಚೆ, ಜೋತುಬಿದ್ದ ಕಿವಿಹಾಳೆ, ಚಪ್ಪಲಿ ಕಾಣದ ಅಗಲ ಪಾದ. ಆಳು ಇಷ್ಟೇ ಇದ್ದರೂ ಗಂಟಲು ಮಾತ್ರ ಗೇಟಿನವರೆಗೆ ಕೇಳಿಸುತ್ತಿತ್ತು. ಆಕೆಯ ಹೆಸರು ಸಂಬಳದ ಪಟ್ಟಿಯಲ್ಲಿ ಇದ್ದೇ ಇತ್ತು. ಅದನ್ನು ಹಿಡಿದು ಯಾರೂ ಕರೆದದ್ದು ನನಗೆ ಗೊತ್ತಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಕಥೆಯಂತೆ ಕಾಣುತ್ತದೆ.

ಆಕೆಗೆ ಓದು ಬರುತ್ತಿರಲಿಲ್ಲ, ಉಸಿರು ಓದಲು ಬರುತ್ತಿತ್ತು. ಉಸಿರಿಗೆ ಆಕೆ ತಮಿಳಿನ 'ಮೂಚ್ಚು' ಎಂಬ ಮಾತನ್ನೇ ಬಳಸುತ್ತಿದ್ದಳು. ನೆಲ ಒರೆಸುತ್ತ ಒರೆಸುತ್ತಲೇ ಮಂಚದ ಕೆಳಗಿಂದ ತಲೆ ಎತ್ತಿ, “ಸಿಸ್ಟರಮ್ಮ, ಏಳನೇ ಬೆಡ್ಡಿನೋರ್ ಮೂಚ್ಚು ಸರಿಯಿಲ್ಲ ನೋಡು” ಎನ್ನುವಳು. ನಾನು ಹೋಗಿ, ಹೇಗಿದ್ದೀರಿ ಎಂದು ಕೇಳಿದರೆ ರೋಗಿ ಚೆನ್ನಾಗಿದ್ದೇನೆ ಎನ್ನುವನು. “ಬಾಯಿ ಏನಾರ ಏಳ್ಲಿ, ನೀ ಮೂಚ್ಚು ನೋಡು” ಎಂದು ಆಕೆ ನೆಲದಿಂದಲೇ ಗದರುವಳು. ಸಂಜೆಯೊಳಗೆ ಅವನ ಜ್ವರ ಏರುತ್ತಿತ್ತು.

ರೋಗಿಗಳನ್ನು ಮನೆಗೆ ಕಳಿಸುವ ದಿನ ಆಕೆಯದೇ ಒಂದು ಪರೀಕ್ಷೆ ಇತ್ತು. ಡಾಕ್ಟರು ಚೀಟಿ ಬರೆದರೆ ಸಾಲದು. ವಾರ್ಡಿನಿಂದ ಅಂಗಳದ ಬೇವಿನ ಮರದವರೆಗೆ ನಡೆದು ಬಂದು, ಕೂರದೆ, ತಮ್ಮ ಊರಿಗೆ ಹೋಗುವ ಬಸ್ಸು ನಿಲ್ಲುವ ಜಾಗಗಳನ್ನು ಒಂದೇ ಉಸಿರಿಗೆ ಹೇಳಬೇಕು. ಪಾಪಿರೆಡ್ಡಿಪಟ್ಟಿಯವರು ಅಯೋಧ್ಯಾಪಟ್ಟಣ, ಮಂಜವಾಡಿ ಎಂದು ಶುರುಮಾಡುವರು. ಬಸ್ಸು ಹತ್ತುವ ಅಗತ್ಯವಿಲ್ಲದ ಪೇಟೆಯ ನೇಯ್ಗೆಯವರು ಮಕ್ಕಳು ಮೊಮ್ಮಕ್ಕಳ ಹೆಸರು ಹೇಳಬೇಕು. ಮಧ್ಯೆ ಏದುಸಿರು ಬಂದರೆ, “ಸಾರ್, ಇನ್ನೆಲ್ಡು ದಿನ ಇರ್ಲಿ” ಎಂದು ಡಾಕ್ಟರಿಗೆ ಆಕೆಯೇ ಆಜ್ಞೆ ಮಾಡುವಳು. ನಮ್ಮ ಡಾಕ್ಟರು ತಮಿಳರು, ಚಿಕ್ಕ ವಯಸ್ಸಿನವರು, ಮೊದಮೊದಲು ನಗುತ್ತಿದ್ದರು. ಆಮೇಲೆ ತಾವೂ ಮರದ ಕಡೆ ಒಂದು ಕಣ್ಣಿಟ್ಟೇ ಚೀಟಿ ಬರೆಯತೊಡಗಿದರು.

ಪರೀಕ್ಷೆ ಮುಗಿಸಿದವರನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, ಒಂದು ಹಿಡಿ ಉಪ್ಪು ನೀವಾಳಿಸಿ ಚರಂಡಿಗೆ ಎಸೆಯುವಳು. ಯಾರಾದರೂ ಅಭ್ಯಾಸಬಲದಿಂದ 'ಹೋಗಿಬರ್ತೀನಿ' ಎಂದರೋ, ಮುಗಿಯಿತು. “ಏನ್ಲಾ ಅದು ಮಾತು, ಇದೇನ್ ನಿನ್ ಅತ್ತೆ ಮನೆಯಾ? ಓಯ್ತೀನಿ ಅನ್ನು. ಇಂತಿರ್ಗಿ ನೋಡ್ಬೇಡ, ನಡಿ.” ದೊಡ್ಡ ಮೀಸೆಯವರೂ 'ಓಯ್ತೀನಿ' ಎಂದು ಒಪ್ಪಿಸಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ನಾನು ಸೇರಿದ ಮರುವರ್ಷ ಫ್ಲೂ ಜ್ವರ ಬಂತು. ಮಂಚಗಳು ಸಾಲದೆ ಮಂಚಗಳ ನಡುವೆ ಚಾಪೆ ಹಾಕಿದೆವು, ಆಮೇಲೆ ವರಾಂಡದಲ್ಲೂ ಹಾಕಿದೆವು. ಹೆಚ್ಚಿನವರಿಗೆ ಜ್ವರ ಬಿಟ್ಟಿತು. ಆದರೆ ಮನೆಗೆ ಹೋದವರಲ್ಲಿ ಎಷ್ಟೋ ಜನ ವಾರಕ್ಕೋ ಹತ್ತು ದಿನಕ್ಕೋ ಎದೆ ಹಿಡಿದುಕೊಂಡು ಮತ್ತೆ ಬಂದರು. ಜ್ವರ ಇಳಿದರೂ ಶ್ವಾಸಕೋಶ ಇನ್ನೂ ಹಸಿಗಾಯವಾಗಿರುತ್ತದೆ, ಅದರ ಮೇಲೆ ಬೇರೆ ಸೋಂಕು ಕೂರುತ್ತದೆ, ತಿಂಗಳಾದರೂ ಮೈಗೆ ವಿಶ್ರಾಂತಿ ಬೇಕು ಎಂದು ಡಾಕ್ಟರು ಹೇಳುತ್ತಿದ್ದರು. ವಿಶ್ರಾಂತಿ ಎಂದರೆ ಏನೆಂದು ನಮ್ಮವರಿಗೆ ಯಾರು ಹೇಳಬೇಕು. ಮರುದಿನವೇ ಒಬ್ಬ ಮಗ್ಗದ ಗುಂಡಿಗೆ ಇಳಿಯುತ್ತಿದ್ದ, ಇನ್ನೊಬ್ಬಳು ಕೊಡ ಎತ್ತುತ್ತಿದ್ದಳು.

ಎರಡನೇ ಸಲ ಬಂದವರು ಮೊದಲ ಸಲದವರಷ್ಟು ಸುಲಭಕ್ಕೆ ಏಳುತ್ತಿರಲಿಲ್ಲ, ಕೆಲವರು ಏಳಲೇ ಇಲ್ಲ. ಒಬ್ಬೊಬ್ಬರು ಹಿಂದಿರುಗಿದಾಗಲೂ ಆಯಮ್ಮ ತನ್ನ ಉಪ್ಪಿಗೆ ಅವಮಾನವಾದಂತೆ ಕುದಿಯುತ್ತಿದ್ದಳು. ಆಕೆಗೆ ತೋಚಿದ ಮದ್ದು ಒಂದೇ. ಗೇಟಿನಲ್ಲಿ ಬೈಗುಳ ಹೆಚ್ಚಿಸಿದಳು.

ಆಗ ಬಂದವಳು ಮೇಚೇರಿಯ ಆಚೆಯ ಒಂದು ಕುರುಬರ ಹಟ್ಟಿಯ ಹೆಣ್ಣು. ಇಪ್ಪತ್ತೈದರ ಒಳಗಿನ ಪ್ರಾಯ, ಮನೆಯಲ್ಲಿ ಐದು ವರ್ಷದ ಮಗಳು. ಅವಳನ್ನು ಹಟ್ಟಿಯವಳು ಎಂದೇ ಕರೆಯುತ್ತೇನೆ. ನಮ್ಮ ಮಾತಿನವಳು, ಅದರ ಮೇಲೆ ಬಾಯಿ ಜೋರಿನವಳು, ಆಯಮ್ಮನಿಗೆ ಇನ್ನೇನು ಬೇಕು. ಜ್ವರದಲ್ಲಿ ಗಂಟುಕಟ್ಟಿದ ಅವಳ ತಲೆಯನ್ನು ಮೂರು ದಿನ ಕೂತು ಬಿಡಿಸಿದಳು. ಅವಳು 'ಅವ್ವಾ' ಎಂದರೆ ಈಕೆ 'ಏನ್ ಮಗ್ಳೇ' ಎನ್ನುವಳು. ಹನ್ನೊಂದನೇ ದಿನ ಡಾಕ್ಟರು ಚೀಟಿ ಬರೆದರು.

ಬೇವಿನ ಮರದ ಕೆಳಗೆ ನಾವೆಲ್ಲ ನಿಂತಿದ್ದೆವು. ಹಟ್ಟಿಯವಳು ಶುರುಮಾಡಿದಳು.

“ಸೂರಮಂಗಲ, ಕರುಪ್ಪೂರು, ಓಮಲೂರು…”

ಅಲ್ಲಿ ನಿಂತಳು. ಆಯಮ್ಮ ಹುಬ್ಬು ಗಂಟಿಕ್ಕಿದಳು. “ಯಾಕ್ಲೇ ನಿಂತೆ?”

“ಓಮಲೂರ್ನಾಗೆ ಬಸ್ ನಿಲ್ತದಲ್ಲವ್ವಾ. ಡ್ರೈವರು ಟೀ ಕುಡೀಬ್ಯಾಡ್ವಾ?”

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ಆಯಮ್ಮನೇ ನಕ್ಕಳು. ನಗು ಮುಗಿಯುವಷ್ಟರಲ್ಲಿ ಹಟ್ಟಿಯವಳು ಉಸಿರು ತೆಗೆದುಕೊಂಡು 'ಮೇಚೇರಿ' ಎಂದು ಮುಗಿಸಿದಳು. ಅವಳಿಗೆ ಮಗಳನ್ನು ನೋಡುವ ಆತುರ. ನಾನು ನರ್ಸು, ನಾನಾದರೂ ಗಮನಿಸಬೇಕಿತ್ತು.

ಗೇಟಿನಲ್ಲಿ ಉಪ್ಪು ನೀವಾಳಿಸಿದ ಮೇಲೂ ಆಯಮ್ಮನಿಗೆ ಅವಳ ಕೈ ಬಿಡಲು ಮನಸ್ಸಿಲ್ಲ. ಬರಿಯ ಬೈಗುಳ ಇವಳಿಗೆ ಸಾಲದು ಅನ್ನಿಸಿತೋ ಏನೋ, ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

“ಇನ್ನ ಇತ್ತಾಗೆ ಮೊಕ ಆಕ್ಬೇಡ. ನನ್ನಾಣೆ. ಈ ಗೇಟ್ ತುಳುದ್ರೆ ನನ್ ಎಣ ನೋಡ್ತೀಯ.”

ಹಟ್ಟಿಯವಳ ಮುಖದ ನಗು ನಿಂತಿತು. ಆಣೆ ಎಂದರೆ ನಮ್ಮವರಲ್ಲಿ ಹುಡುಗಾಟವಲ್ಲ. ಮುರಿದರೆ ಮುರಿದವರಿಗೆ ಏನೂ ಆಗುವುದಿಲ್ಲ, ಯಾರ ಮೇಲೆ ಆಣೆಯೋ ಅವರಿಗೆ ತಗಲುತ್ತದೆ. ಅವಳು ತಲೆಯಾಡಿಸಿ ಬಸ್ಸಿನ ಕಡೆ ನಡೆದಳು, ಹಿಂದಿರುಗಿ ನೋಡಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಅವಳ ಗಂಡ ಕಂಬಳಿ ಹೆಗಲಿಗೆ ಹಾಕಿಕೊಂಡು ವಾರ್ಡಿನ ಬಾಗಿಲಲ್ಲಿ ಒಬ್ಬನೇ ನಿಂತಿದ್ದ. ಒಳಗೆ ಕಾಲಿಡಲಿಲ್ಲ. ನನ್ನನ್ನು ಕಂಡು ಅವನು ಕೇಳಿದ ಮೊದಲ ಮಾತು, “ಆಯಮ್ಮ ಚೆನ್ನಾಗವ್ರಾ?”

ಚೆನ್ನಾಗಿದ್ದಾಳೆ, ಯಾಕೆ ಎಂದೆ.

“ಅವ್ಳಿಗೆ ಮತ್ತೆ ಬಂದ್ಬುಡ್ತು ಸಿಸ್ಟರಮ್ಮ. ನಾಕ್ ದಿನ ಆಯ್ತು. ಮೂಚ್ಚು ಬುಡಕ್ಕಾಯ್ತಿಲ್ಲ. ಗಾಡಿ ಕಟ್ತೀನಿ ಅಂದ್ರೆ ಬ್ಯಾಡ ಅಂತಾಳೆ. ಆಸ್ಪತ್ರಿಗೆ ಬಂದ್ರೆ ಆಯಮ್ಮ ಸತ್ತೋಗ್ತಾರಂತೆ.”

ಡಾಕ್ಟರು ಬಂದು ಕೇಳಿ ತಲೆ ಚಚ್ಚಿಕೊಂಡರು. ಆಣೆಗೀಣೆ ಎಲ್ಲ ಸುಳ್ಳು ಎಂದು ಹೇಳಿ ಕರೆದುಕೊಂಡು ಬಾ ಎಂದು ತಮಿಳಿನಲ್ಲಿ ಅವನಿಗೆ ಗದರಿದರು. ಅವನು ಕದಲಲಿಲ್ಲ. ಅಷ್ಟರಲ್ಲಿ ಆಯಮ್ಮ ಕೈ ತೊಳೆದುಕೊಂಡು ಬಂದಿದ್ದಳು. ಆಕೆಯ ಮುಖ ಹಾಗೆ ಬಿಳಿಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ನನ್ ಬಾಯಿಂದ ಓಗಿದ್ದು ಸಾರ್. ನಾನೇ ಓಗ್ಬೇಕು.”

ಡಾಕ್ಟರು ನನ್ನ ಕೈಗೆ ಇಂಜಕ್ಷನ್ನಿನ ಪೆಟ್ಟಿಗೆ ಕೊಟ್ಟು ಜೊತೆಗೆ ಕಳಿಸಿದರು. ಓಮಲೂರಿನಲ್ಲಿ ಬಸ್ಸು ನಿಂತಿತು, ಡ್ರೈವರು ಟೀ ಕುಡಿಯಲು ಇಳಿದ. ಆಯಮ್ಮ ಕಿಟಕಿಯಿಂದ ಟೀ ಅಂಗಡಿಯನ್ನೇ ನೋಡುತ್ತ, “ಇಲ್ಲೇ ಕಣ್ಣು, ಇಲ್ಲೇ ನಾನು ನಕ್ಕಿದ್ದು” ಎಂದಳು.

ಮೇಚೇರಿಯಿಂದ ಹಟ್ಟಿಗೆ ಎರಡು ಮೈಲಿ. ಬಿಸಿಲಲ್ಲಿ ಆಕೆಯ ಹಿಂದೆ ನಾನು ಓಡಬೇಕಾಯಿತು. ಹಟ್ಟಿಯವಳು ಗೋಡೆಗೆ ಒರಗಿ ಕಂಬಳಿಯ ಮೇಲೆ ಕುಳಿತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೂಗಿನ ಹೊಳ್ಳೆಗಳು ಅಗಲವಾಗಿ ಬಡಿದುಕೊಳ್ಳುತ್ತಿದ್ದವು, ತುಟಿ ನೀಲಿಗಟ್ಟಿತ್ತು. ನಾನು ಇಂಜಕ್ಷನ್ನು ಕೊಟ್ಟೆ. ಅಂದೇ ಆಸ್ಪತ್ರೆ ಸೇರದಿದ್ದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು, ಆಯಮ್ಮನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

“ಏಳ್ ಮಗ್ಳೇ. ಆಣೆ ವಾಪಸ್ ತಗಂಡಿವ್ನಿ.”

ಹಟ್ಟಿಯವಳು ಒಂದೊಂದೇ ಪದ ಎತ್ತಿ ಇಟ್ಟಳು. “ಬಾಯಾಗೆ… ಆಕಿದ್ ಆಣೆ… ಬಾಯಾಗೆ ತಗಳಕ್ಕೆ… ಬರಲ್ಲವ್ವಾ.” ಅವಳ ಅತ್ತೆ ಪಕ್ಕದಲ್ಲಿ ಕುಳಿತು ಹೌದೆಂದು ತಲೆಯಾಡಿಸಿದಳು. ಗಂಡ ನೆಲ ನೋಡುತ್ತಿದ್ದ. ಅವರು ಮೂವರೂ ಹೇಳುತ್ತಿದ್ದುದು ಸರಿ ಎಂದೇ ಆಯಮ್ಮನಿಗೂ ಗೊತ್ತಿತ್ತು. ತನ್ನ ಊರಿನಲ್ಲಿ ಕೇಳಿದ್ದರೆ ತಾನೂ ಹಾಗೇ ಹೇಳುತ್ತಿದ್ದಳು.

ಆಕೆ ಸೊಂಟದ ಗಂಟಿನಿಂದ ಮಡಿಸಿದ ಒಂದು ಕಾಗದ ತೆಗೆದಳು.

“ಬಾಯಾಗೆ ಬರಲ್ಲ ಅಂತ್ಲೇ ಇದ್ನ ತಂದಿವ್ನಿ. ಆಸ್ಪತ್ರಿ ಗೇಟ್ನಾಗ್ ಆಕಿದ್ ಆಣೆ ಗವರ್ಮೆಂಟ್ ಆಣೆ. ಡಾಕ್ಟ್ರು ಕ್ಯಾನ್ಸಲ್ ಮಾಡಿ ಆರ್ಡರ್ ಕೊಟ್ಟವ್ರೆ. ಸಿಸ್ಟರಮ್ಮ, ಓದು.”

ಕಾಗದ ನನ್ನ ಕೈಗೆ ಬಂತು. ಅಂದು ಬೆಳಿಗ್ಗೆ ದೋಬಿಗೆ ಕೊಡಬೇಕಾಗಿದ್ದ ಬಟ್ಟೆಯ ಪಟ್ಟಿ ಅದು. ಇಂಗ್ಲಿಷಿನಲ್ಲಿ ನಾನೇ ಬರೆದಿದ್ದೆ. ಬೆಡ್‌ಶೀಟು ಹನ್ನೆರಡು, ದಿಂಬಿನ ಚೀಲ ಏಳು, ಪರದೆ ಎರಡು. ಮುಖ ಎತ್ತಿದರೆ ಆಯಮ್ಮನ ಕಣ್ಣು ನನ್ನನ್ನೇ ತಿನ್ನುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಬೀದಿಯಲ್ಲಿ ತಮಟೆಯವನು ಸಾರುವ ಧಾಟಿಯಲ್ಲೇ ಓದಿದೆ.

“ಇದನಾಲ್ ಸಕಲರುಕ್ಕುಂ ಅರಿವಿಪ್ಪದು ಎನ್ನವೆಂದಾಲ್…” ಇದರಿಂದ ಸಕಲರಿಗೂ ತಿಳಿಸುವುದೇನೆಂದರೆ, ಈ ಆಸ್ಪತ್ರೆಯ ಆಯಮ್ಮ ಹಾಕಿದ ಆಣೆ ಇಂದು ಬೆಳಿಗ್ಗೆಯಿಂದ ರದ್ದಾಗಿದೆ, ಇದರ ಮೇಲೆ ಯಾರಿಗೂ ಯಾವ ಕೇಡೂ ಆಗತಕ್ಕದ್ದಲ್ಲ. ತಮಿಳಿನಲ್ಲಿ ಇನ್ನೂ ನಾಲ್ಕು ದೊಡ್ಡ ಮಾತು ಸೇರಿಸಿದೆ. ಹಟ್ಟಿಯವಳು ಕೈ ಚಾಚಿ ಕಾಗದವನ್ನು ಇಸಿದುಕೊಂಡಳು, ನೋಡಿದಳು, ಮಡಿಸಿ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಗಂಡನ ಹೆಗಲಿಗೆ ಕೈ ಹಾಕಿ ಎದ್ದಳು.

ಆಸ್ಪತ್ರೆಯಲ್ಲಿ ಮೊದಲ ಐದು ದಿನ ಅವಳು ಉಳಿಯುವ ಭರವಸೆ ಇರಲಿಲ್ಲ. ವಾರ್ಡಿನ ಒಂದೇ ಆಕ್ಸಿಜನ್ ಸಿಲಿಂಡರು ಅವಳ ತಲೆಯ ಬಳಿ ನಿಂತಿತ್ತು. ಆರನೇ ದಿನ ಗಂಜಿ ಕೇಳಿದಳು. ಹದಿನೇಳನೇ ದಿನ ಬೇವಿನ ಮರದ ಕೆಳಗೆ ಪರೀಕ್ಷೆ ಒಪ್ಪಿಸಿ ಮನೆಗೆ ಹೋದಳು, ಓಮಲೂರಿನಲ್ಲಿ ನಿಲ್ಲದೆ. ತಮಗೆ ತಿಳಿಸದೆ ಹಟ್ಟಿಗೆ ಹೋದದ್ದಕ್ಕೆ ಆಫೀಸಿನವರು ಆಯಮ್ಮನಿಗೆ ಮೆಮೋ ಕೊಟ್ಟರು. ಆಕೆ ಅದರಲ್ಲಿ ಹೊಗೆಸೊಪ್ಪು ಕಟ್ಟಿಟ್ಟುಕೊಂಡಳು. ಪಟ್ಟಿ ಇಲ್ಲದ ದೋಬಿ ಮಾತ್ರ ಪರದೆ ಬಂದೇ ಇಲ್ಲವೆಂದು ತಿಂಗಳುಗಟ್ಟಲೆ ಜಗಳವಾಡಿದ.

ಆಕೆ ಬೇಸಿನ್ನುಗಳನ್ನು ಉಜ್ಜುತ್ತಿದ್ದಾಗ ಒಂದು ಮಧ್ಯಾಹ್ನ ನಾನು ತಮಾಷೆಗೆಂದು ಕೇಳಿದೆ. “ಅಂತೂ ಆಣೆ ಕ್ಯಾನ್ಸಲ್ ಆಯ್ತಲ್ಲ ಆಯಮ್ಮ.”

“ದೋಬಿ ಚೀಟಿಗೆ ಆಣೆ ಕ್ಯಾನ್ಸಲ್ ಆಯ್ತದಾ? ಅವ್ನು ದುಪ್ಪಟಿ ಒಗೀತಾನೆ, ಆಣೆ ಒಗೀತಾನಾ?” ಉಜ್ಜುವುದನ್ನು ನಿಲ್ಲಿಸಲಿಲ್ಲ. “ಆಣೆ ನನ್ ಮೇಲೇ ಐತೆ. ಬಂದ್ರೆ ನಂಗ್ ತಾನೇ ಬರೋದು? ಬರ್ಲಿ ಬುಡು. ಅವ್ಳಿಗೆ ಸಣ್ ಮಗಿ ಐತೆ.”

ನನ್ನ ತಮಾಷೆ ಅಲ್ಲಿಗೇ ನಿಂತಿತು. ಆಕೆ ಅದನ್ನು ಪೂರ್ತಿ ನಂಬಿದ್ದಳು. ನಂಬಿಯೇ ಅವಳನ್ನು ಗೇಟಿನೊಳಗೆ ಕೈ ಹಿಡಿದು ಕರೆತಂದಿದ್ದಳು. ಆ ಮೇಲೆ ಎಷ್ಟೋ ದಿನ ಆಕೆ ಕೆಮ್ಮಿದರೆ ನನಗೆ ಎದೆ ಹಾರುತ್ತಿತ್ತು. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬದವಳು.

ಆವತ್ತಿನಿಂದ ಗೇಟಿನ ಮಾತು ಬದಲಾಯಿತು. ಉಪ್ಪು ಉಳಿಯಿತು, ಬೈಗುಳವೂ ಉಳಿಯಿತು. ಆದರೆ ಕೊನೆಗೆ, “ಒಂಬತ್ನೇ ದಿನ ಮರುವೀಡಿಗೆ ಬರ್ಬೇಕು, ಬರ್ದಿದ್ರೆ ನಾನೇ ಬಂದು ಎಳ್ಕಂಡ್ ಬತ್ತೀನಿ” ಎನ್ನತೊಡಗಿದಳು. ಮರುವೀಡು ಎಂದರೆ ತಮಿಳರಲ್ಲಿ ಹೊಸ ಮದುಮಕ್ಕಳು ಮದುವೆಯಾದ ಮೇಲೆ ಮೊದಲ ಸಲ ಹೆಣ್ಣಿನ ಮನೆಗೆ ಊಟಕ್ಕೆ ಬರುವುದು. ಹೋಗದಿದ್ದರೆ ಮನೆಯವರಿಗೆ ಮುನಿಸು. ಆಸ್ಪತ್ರೆಗೆ ಮತ್ತೆ ಬರಲು ಹೆದರುತ್ತಿದ್ದ ಜನ ಮರುವೀಡು ಎಂದಾಗ ನಕ್ಕು ಒಪ್ಪಿದರು, ಬರುವಾಗ ಮಜ್ಜಿಗೆ, ನುಗ್ಗೆಕಾಯಿ, ಮುರುಕು ತಂದರು. ಆಯಮ್ಮ ಮಜ್ಜಿಗೆ ಕುಡಿಯುತ್ತ ಅವರನ್ನು ಬೇವಿನ ಮರದವರೆಗೆ ನಡೆಸುವಳು. ಉಸಿರು ಕಟ್ಟಿದವರಿಗೆ ಅಲ್ಲೇ ಔಷಧಿ ಶುರುವಾಗುತ್ತಿತ್ತು, ಬೇಕಾದರೆ ಮಂಚವೂ ಸಿಗುತ್ತಿತ್ತು. ತಡವಾಗಿ ಬಂದು ಸಾಯುವವರು ಕಡಿಮೆಯಾದರು. ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆಯುತ್ತಿದ್ದರು, ಬಾಯಲ್ಲಿ ಮಾತ್ರ ಅವರೂ ಮರುವೀಡು ಎಂದೇ ಹೇಳುತ್ತಿದ್ದರು.

ಹಟ್ಟಿಯವಳ ಮರುವೀಡು ಮುಗಿಯಲೇ ಇಲ್ಲ. ಪ್ರತಿ ವರ್ಷ ಪೊಂಗಲ್ ಕಳೆದ ಮೇಲೆ ಬರುವಳು, ಒಂದು ವರ್ಷ ತಾವೇ ನೂತ ಉಣ್ಣೆಯ ಕಂಬಳಿಯನ್ನೂ ತಂದಳು. ಬೇವಿನ ಮರದ ಕೆಳಗೆ ಸೂರಮಂಗಲದಿಂದ ಮೇಚೇರಿಯವರೆಗೆ ಒಂದೇ ಉಸಿರಿಗೆ ಒಪ್ಪಿಸಿ, ಆಯಮ್ಮನ ಮಗ್ಗುಲಲ್ಲಿ ಕುಳಿತು, “ನೀನೆಂಗಿದ್ದೀಯವ್ವಾ? ಕೆಮ್ಮುಗಿಮ್ಮು ಐತಾ? ಊಟ ಸೇರ್ತದಾ?” ಎಂದು ಕೇಳುವಳು. ಹೆಂಗಸರು ಹೆಂಗಸರನ್ನು ಕೇಳುವ ಮಾತು ಅಂದುಕೊಂಡು ನಾನು ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ನಾನು ಮದುವೆಯಾಗಿ ಹೊರಟು, ಆಯಮ್ಮ ರಿಟೈರಾಗಿ ಕೊಳತ್ತೂರಿನ ತಂಗಿ ಮಗಳ ಮನೆ ಸೇರಿದ ಮೇಲೂ ಅವಳು ಅಲ್ಲಿಗೆ ಹೋಗಿಬರುತ್ತಿದ್ದಳಂತೆ.

ಕಾರ್ಡು ಬಂದ ಮರುದಿನ ನಾನು ಬೆಟ್ಟದ ದಾರಿಯ ಬಸ್ಸು ಹಿಡಿದು ಕೊಳತ್ತೂರಿಗೆ ಹೋದೆ. ಜಗಲಿಯ ಮೇಲೆ ಹಟ್ಟಿಯವಳು ಕುಳಿತಿದ್ದಳು, ಕಿವಿಯ ಬಳಿ ಒಂದೆರಡು ಬಿಳಿಕೂದಲು. ನನ್ನನ್ನು ಕಂಡು ಎಲೆಯಡಿಕೆಯ ಚೀಲದಿಂದ, ಮಡಿಕೆಗಳಲ್ಲಿ ಹರಿದು ಹಳದಿಗಟ್ಟಿದ ಒಂದು ಕಾಗದ ತೆಗೆದಳು.

“ಸಿಸ್ಟರಮ್ಮ, ಇದ್ನ ಇನ್ನೊಂದ್ ಕಿತ ಓದಿ.”

ಹತ್ತು ವರ್ಷವಾಗಿತ್ತು. ಬಾಯಿಪಾಠ ಮಾತ್ರ ಮರೆತಿರಲಿಲ್ಲ. “ಇದನಾಲ್ ಸಕಲರುಕ್ಕುಂ…” ಎಂದು ಶುರುಮಾಡಿದೆ. ಅವಳು ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

“ದುಪ್ಪಟಿ ಅನ್ನೆಲ್ಡು, ದಿಂಬಿನ್ ಚೀಲ ಏಳು, ಪರದೆ ಎಲ್ಡು. ನನ್ ಮಗ್ಳ್ ಐಸ್ಕೂಲ್ ಸೇರಿದ್ ವರ್ಸ ಓದುದ್ಲು.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಯಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಏಳುದ್ರೆ ಎದ್ರಿಕಣಾಕಿಲ್ವಾ? ಅವ್ವಂಗೂ ಓದಾಕ್ ಬತ್ತಿರ್ಲಿಲ್ಲ, ಆಣೆ ಕ್ಯಾನ್ಸಲ್ ಆಗೈತೆ ಅಂತ ನೆಮ್ಮದಿಯಾಗಿದ್ಲು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಚೀಟಿ ಮ್ಯಾಲೆ ನಂಗೆ ಮೊದ್ಲಿಂದ್ಲೂ ಅನುಮಾನ್ವೇ. ಅದ್ಕೇ ವರ್ಸಾ ವರ್ಸಾ ಬತ್ತಿದ್ದೆ. ನನ್ ಮೂಚ್ಚು ತೋರ್ಸಾಕೆ ಅಂತ ಅವ್ವ ಅನ್ಕಂಡಿದ್ಲು. ನಾನು ಅವ್ಳ್ ಮೂಚ್ಚು ಐತಾ ಅಂತ ನೋಡಾಕ್ ಬತ್ತಿದ್ದೆ.”

ಆಯಮ್ಮನಿಗೂ ಎಲ್ಲ ಗೊತ್ತಿತ್ತು, ಬಂದರೆ ತನಗೇ ಬರಲಿ ಎಂದಿದ್ದಳು ಎಂದು ನಾನು ಹೇಳಿದೆ. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ, “ಆಣೆ ತಗಲಾಕೆ ಇಷ್ಟ್ ವರ್ಸ ಬೇಕಾ ಸಿಸ್ಟರಮ್ಮ?” ಎಂದು ಕೇಳಿದಳು. ಇಲ್ಲ, ಇದು ವಯಸ್ಸು, ಸಾರಿಗೆ ಉಪ್ಪು ಕಮ್ಮಿ ಎಂದು ಬೈದು ಸುಖವಾಗಿ ಮಲಗಿ ಹೋದಳು ಎಂದೆ. ಅವಳು ಅಳುತ್ತಲೇ ಸ್ವಲ್ಪ ನಕ್ಕಳು.

ಮಧ್ಯಾಹ್ನದ ಬಸ್ಸಿನ ಹೊತ್ತಾಯಿತು. ಸಾವಿನ ಮನೆ, ನೆಂಟರೆಲ್ಲ ಒಬ್ಬೊಬ್ಬರಾಗಿ ಹೇಳದೆ ಕೇಳದೆ ಎದ್ದು ಹೋಗುತ್ತಿದ್ದರು. ನಾನೂ ಸುಮ್ಮನೆ ಎದ್ದೆ. ಹಟ್ಟಿಯವಳು ಅಂಗಳಕ್ಕೆ ಇಳಿದವಳು ಹಿಂದಿರುಗಿ, ಒಳಗೆ ಗೋಡೆಯ ಪಕ್ಕದ ಬರಿದಾದ ಚಾಪೆಯ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅವ್ವಾ, ಓಗ್ಬುಟ್ ಬತ್ತೀನಿ.”

ಮುದುಕಿಯರು ಗಾಬರಿಯಿಂದ ತಲೆ ಎತ್ತಿದರು. ಯಾರಾದರೂ ಬೈಯುತ್ತಾರೇನೋ ಎಂದು ಅವಳು ಸ್ವಲ್ಪ ಹೊತ್ತು ಅಂಗಳದಲ್ಲೇ ಕಾದಳು. ಯಾರೂ ಬೈಯಲಿಲ್ಲ.